ಚೋಟುದ್ದದ ನಾಯಿಗೆ ಆರು ವಾರದ ಜಾಗ

ಬೆಂಗಳೂರಿನ ಶ್ರೀನಗರದ ನಿವಾಸಿಗಳ ಸಂಘಗಳ ಪದಾಧಿಕಾರಿಗಳಿಗೆ, ಬೀದಿನಾಯಿಗಳಿಗೆ ದಿನವೂ ಅನ್ನ ಹಾಕುವವರಿಗೆ, ಮನೆಯಲ್ಲಿ ಪುಟ್ಟ ನಾಯಿ ಸಾಕಿಕೊಂಡವರಿಗೆ,



ನಮ್ಮ ಬಡಾವಣೆಯಲ್ಲಿ ಕರುಣೆಗೆ ಬರವಿಲ್ಲ. ಕಾಲು ಮುರಿದ ಮರಿಯೊಂದು ಚರಂಡಿಯ ಬದಿಯಲ್ಲಿ ಕುಂಯ್‌ಗುಟ್ಟುತ್ತಿದ್ದರೆ ಯಾರಾದರೊಬ್ಬರು ಹಾಲು ತಂದಿಡುತ್ತಾರೆ, ಇನ್ನೊಬ್ಬರು ಆಟೋ ಹಿಡಿದು ಡಾಕ್ಟರ ಬಳಿ ಒಯ್ಯುತ್ತಾರೆ, ಮತ್ತೊಬ್ಬರು ಬಿಲ್ಲಿನ ಹಣ ಕೊಡುತ್ತಾರೆ. 2022ರಲ್ಲಿ ನಾಯಿಯ ಕಥೆಯ ‘777 ಚಾರ್ಲಿ’ ಸಿನಿಮಾ ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕಣ್ಣೀರಿಟ್ಟದ್ದು ನೆನಪಿರಬಹುದು. ಆ ಮನಸ್ಸು ನಮ್ಮ ಬೀದಿಗಳಲ್ಲೂ ಇದೆ. ಆದರೆ ಕಟ್ಟು ಹಾಕಿಸಿಕೊಂಡ ಮರಿ ಸಂಜೆಗೆ ಅದೇ ಬೀದಿಗೆ, ಅದೇ ಕಾರಿನ ಅಡಿಗೆ ಮರಳುತ್ತದೆ. ವಾರದೊಳಗೆ ಕಟ್ಟು ನೆನೆದು, ನಾರಿ, ಕಳಚಿ ಬೀಳುತ್ತದೆ. ಮೊದಲ ದಿನ ಸುತ್ತ ನಿಂತಿದ್ದವರು ಎರಡನೆಯ ವಾರಕ್ಕೆ ಯಾರೂ ಇರುವುದಿಲ್ಲ. ನಾನು ಈ ಪತ್ರದಲ್ಲಿ ಹೇಳಹೊರಟಿರುವುದು ಇಷ್ಟೇ: ಪುಟ್ಟ ನಾಯಿಯ ಮುರಿದ ಕಾಲು ನೆಟ್ಟಗಾಗುತ್ತದೋ ಸೊಟ್ಟಗಾಗುತ್ತದೋ ಎಂಬುದರಲ್ಲಿ ಅರ್ಧ ಭಾಗ ಡಾಕ್ಟರ ಮೇಜಿನ ಮೇಲೆ ತೀರ್ಮಾನವಾದರೆ, ಉಳಿದರ್ಧ ಆಮೇಲಿನ ಆರು ವಾರಗಳಲ್ಲಿ ತೀರ್ಮಾನವಾಗುತ್ತದೆ. ಆ ಆರು ವಾರಗಳನ್ನು ಆಸ್ಪತ್ರೆಯಾಗಲಿ, ಪಾಲಿಕೆಯಾಗಲಿ, ಪ್ರಾಣಿದಯಾ ಸಂಸ್ಥೆಗಳಾಗಲಿ ನಮ್ಮ ಪರವಾಗಿ ಹೊರಲಾರವು. ನೆರೆಹೊರೆಯವರು ಹೊರಬಹುದು. ಅದಕ್ಕೆ ಬೇಕಾದ ಏರ್ಪಾಡನ್ನು ಸಂಘಗಳು ಮಾಡಬೇಕು.

ನಮ್ಮಲ್ಲಿ ಕಾಲು ಮುರಿಯುವುದು ಮುಖ್ಯವಾಗಿ ಎರಡು ಬಗೆಯಲ್ಲಿ. ಶ್ರೀನಗರ, ಹನುಮಂತನಗರ, ಗಿರಿನಗರದ ಅಡ್ಡರಸ್ತೆಗಳು ಕಿರಿದು. ಸಣ್ಣ ನಿವೇಶನಗಳಲ್ಲಿ ಮೂರು ನಾಲ್ಕು ಮಹಡಿ ಎದ್ದಿರುವುದರಿಂದ ಗಾಡಿಗಳೆಲ್ಲ ರಸ್ತೆಯಲ್ಲೇ ನಿಲ್ಲುತ್ತವೆ. ಬಿಸಿಲಿಗೋ ಮಳೆಗೋ ಮರಿಗಳು ಅವುಗಳ ಅಡಿಗೆ ಸೇರಿಕೊಳ್ಳುತ್ತವೆ. ಬೆಳಗ್ಗೆ ಆಫೀಸಿನ ಅವಸರದಲ್ಲಿ ಕಾರು ಹಿಂದಕ್ಕೆ ತೆಗೆಯುವವರಿಗೆ ಅದು ಕಾಣುವುದಿಲ್ಲ. 50 ಅಡಿ ರಸ್ತೆಯಂಥ ಕಡೆ ಅಪಘಾತ ಇನ್ನೂ ಜೋರಾಗಿರುತ್ತದೆ. ಎರಡನೆಯ ಬಗೆ ಮನೆಯೊಳಗಿನದು. ಪಾಮೇರಿಯನ್, ಟಾಯ್ ಪೂಡಲ್, ಚಿಹುವಾಹುವಾ, ಮಿನಿಯೇಚರ್ ಪಿನ್ಷರ್ ಮುಂತಾದ ಪುಟ್ಟ ತಳಿಗಳು ಸೋಫಾದಿಂದ ಹಾರಿದರೂ ಮಗುವಿನ ಕೈಯಿಂದ ಜಾರಿದರೂ ಮುಂಗಾಲು ಮುರಿದುಕೊಳ್ಳುತ್ತವೆ. ನುಣುಪಾದ ಟೈಲ್ಸ್ ನೆಲ ಅದಕ್ಕೆ ಇನ್ನಷ್ಟು ಒತ್ತಾಸೆ. ‘ಇಷ್ಟೆತ್ತರದಿಂದ ಬಿದ್ದರೆ ಕಾಲು ಮುರಿಯುತ್ತದೆಯೇ’ ಎಂದು ಮನೆಯವರು ನಂಬದೆ, ಉಳುಕಿರಬೇಕೆಂದು ಎರಡು ಮೂರು ದಿನ ಕಾಯುತ್ತಾರೆ. ಬೀದಿಯ ಮರಿಯಾಗಲಿ ಸೋಫಾದ ಮರಿಯಾಗಲಿ, ಮುಂದಿನ ದಾರಿ ಎರಡಕ್ಕೂ ಒಂದೇ. ಆದ್ದರಿಂದಲೇ ಈ ಪತ್ರ ಇಬ್ಬರಿಗೂ ಸೇರಿಸಿ.

ಪುಟ್ಟ ನಾಯಿಯ ಮೂಳೆಯನ್ನು ದೊಡ್ಡ ನಾಯಿಯ ಮೂಳೆಯ ಚಿಕ್ಕ ಪ್ರತಿ ಎಂದುಕೊಂಡರೆ ತಪ್ಪಾಗುತ್ತದೆ. ಎರಡು ಕಿಲೋ ತೂಗುವ ನಾಯಿಯ ಮುಂಗಾಲಿನ ಮೂಳೆ ಪೆನ್ಸಿಲ್ಲಿಗಿಂತ ತೆಳು. ಅದು ಸಾಮಾನ್ಯವಾಗಿ ಮುರಿಯುವುದು ಮಣಿಕಟ್ಟಿನ ಸ್ವಲ್ಪ ಮೇಲೆ. ಅಲ್ಲಿ ಮಾಂಸದ ಹೊದಿಕೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮ, ನರ, ಕೂಡಲೇ ಮೂಳೆ. ಮೂಳೆಯೊಳಗಿನ ರಕ್ತನಾಳಗಳ ಜಾಲ ಆ ಭಾಗದಲ್ಲಿ ದೊಡ್ಡ ತಳಿಗಳಿಗಿಂತ ಪುಟ್ಟ ತಳಿಗಳಲ್ಲಿ ವಿರಳವಾಗಿರುತ್ತದೆ ಎಂಬುದನ್ನು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ರಕ್ತ ಕಡಿಮೆ ಬರುವ ಕಡೆ ಮೂಳೆ ನಿಧಾನವಾಗಿ ಕೂಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಹಾಗಾಗಿ ದೊಡ್ಡ ನಾಯಿಗೆ ಸಾಕಾಗುವ ಪಟ್ಟಿ, ಪಿಒಪಿ ಕಟ್ಟು ಈ ಜಾಗದ ಮುರಿತಕ್ಕೆ ಬಹಳ ಸಲ ಸೋಲುತ್ತದೆ. ಪಶುವೈದ್ಯರು ಒಂದೂವರೆ ಇಲ್ಲವೆ ಎರಡು ಮಿಲಿಮೀಟರ್ ಸ್ಕ್ರೂಗಳ ಪುಟಾಣಿ ಪ್ಲೇಟು ಹಾಕೋಣ ಎಂದರೆ ಅದು ಹಣ ಕೀಳುವ ಉಪಾಯವೆಂದು ಅನುಮಾನಿಸುವವರಿಗೆ ಈ ಕಾರಣ ಗೊತ್ತಿರಲಿ. ಇನ್ನು ಆರು ತಿಂಗಳೊಳಗಿನ ಮರಿಗಳ ವಿಷಯ ಬೇರೆ. ಅವುಗಳ ಮೂಳೆ ಬೇಗ ಕೂಡುತ್ತದೆ. ಸೊಟ್ಟಗಿಟ್ಟರೆ ಸೊಟ್ಟಗೇ ಬೇಗ ಕೂಡುತ್ತದೆ. ಮಣಿಕಟ್ಟಿನ ಹತ್ತಿರ ಮೂಳೆ ಬೆಳೆಯುವ ಪದರಕ್ಕೆ ಪೆಟ್ಟಾಗಿದ್ದರೆ, ಮುಂಗಾಲಿನ ಎರಡು ಮೂಳೆಗಳಲ್ಲಿ ಒಂದು ಬೆಳೆದು ಇನ್ನೊಂದು ನಿಂತು, ಕಾಲು ತಿಂಗಳುಗಳ ಮೇಲೆ ಬಿಲ್ಲಿನ ಹಾಗೆ ಬಾಗುತ್ತದೆ. ಎರಡು ಕೋನಗಳಿಂದ ತೆಗೆದ ಎಕ್ಸ್‌ರೇ ಇಲ್ಲದೆ ಇದನ್ನೆಲ್ಲ ಕೈಯಲ್ಲಿ ಮುಟ್ಟಿ ಹೇಳಲಾಗದು.

ಸರಿಯಾಗಿ ಜೋಡಿಸಿದ ಮೇಲೂ ಮೂಳೆ ಕೂಡುವುದು ಅಲುಗಾಡದಿದ್ದರೆ ಮಾತ್ರ. ಮುರಿದ ತುದಿಗಳ ನಡುವಿನ ಚಲನೆ ಆ ಬಿರುಕಿನ ಅಗಲದ ಶೇಕಡಾ 10ರಷ್ಟನ್ನು ಮೀರಿದರೆ ಅಲ್ಲಿ ಎಲುಬು ಹುಟ್ಟಲಾರದು, ಮೆದು ಅಂಗಾಂಶವಷ್ಟೇ ಉಳಿಯುತ್ತದೆ ಎಂಬ ಸ್ಟೀಫನ್ ಪೆರೆನ್ ಅವರ ವಿವರಣೆ ಇಂದು ಮೂಳೆ ಶಸ್ತ್ರಚಿಕಿತ್ಸೆ ಕಲಿಯುವವರಿಗೆಲ್ಲ ಮೊದಲ ಪಾಠ. 1958ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರ ಗುಂಪೊಂದು ಪ್ಲೇಟು ಮತ್ತು ಸ್ಕ್ರೂಗಳ ಚಿಕಿತ್ಸೆಯನ್ನು ಕ್ರಮಬದ್ಧಗೊಳಿಸಲು ಹೊರಟಿತು; ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ ವರ್ಷ. ಅಂದಿನಿಂದ ಉಪಕರಣಗಳು ಎಷ್ಟೋ ಸುಧಾರಿಸಿವೆ. ಆದರೆ ಯಾವ ಪ್ಲೇಟೂ ಮೆಟ್ಟಿಲು ಹಾರುವ, ಬೇರೆ ನಾಯಿಯ ಜೊತೆ ಕಚ್ಚಾಡುವ, ಸ್ಕೂಟರಿನ ಹಿಂದೆ ಓಡುವ ಮರಿಯನ್ನು ತಾಳಿಕೊಳ್ಳುವಂತೆ ಮಾಡಿದ್ದಲ್ಲ. ಎಳೆಯ ಮರಿಗೆ ನಾಲ್ಕರಿಂದ ಆರು ವಾರ, ಬೆಳೆದ ನಾಯಿಗೆ ಎಂಟರಿಂದ ಹನ್ನೆರಡು ವಾರ ಓಡಾಟವಿಲ್ಲದ ವಿಶ್ರಾಂತಿ ಬೇಕು. ವಿಶ್ರಾಂತಿ ಎಂದರೆ ಕೋಣೆಯಲ್ಲಿ ಕೂಡಿಹಾಕುವುದಲ್ಲ; ಕೋಣೆಯಲ್ಲಿ ಮಂಚವಿರುತ್ತದೆ, ಮರಿ ಹಾರುತ್ತದೆ. ಎದ್ದು ನಿಲ್ಲಲು, ತಿರುಗಿ ಮಲಗಲು ಸಾಲುವಷ್ಟು ದೊಡ್ಡ ಕ್ರೇಟು, ಅಂದರೆ ನಾಯಿಗೂಡು, ಸಾಕು. ಮಲಮೂತ್ರಕ್ಕೆ ಎತ್ತಿಕೊಂಡು ಹೋಗಿ ಎತ್ತಿಕೊಂಡು ಬರಬೇಕು. ಕಟ್ಟು ಹಾಕಿದ್ದರೆ ತುದಿಯಲ್ಲಿ ಕಾಣುವ ನಡುವಿನ ಎರಡು ಬೆರಳುಗಳನ್ನು ದಿನಕ್ಕೆರಡು ಸಲ ಮುಟ್ಟಿ ನೋಡಬೇಕು. ಅವು ತಣ್ಣಗಾಗಿದ್ದರೆ, ಊದಿದ್ದರೆ, ವಾಸನೆ ಬರುತ್ತಿದ್ದರೆ ಅದೇ ದಿನ ಡಾಕ್ಟರ ಬಳಿ ಹೋಗಬೇಕು. ತಡಮಾಡಿದರೆ ಮೂಳೆ ಕೂಡುವ ಮೊದಲೇ ಪಾದ ಕೊಳೆಯುತ್ತದೆ. ಇದರಲ್ಲಿ ಒಂದು ಕೆಲಸಕ್ಕೂ ವೈದ್ಯಕೀಯ ಪದವಿ ಬೇಡ. ಒಂದು ಜಾಗ ಬೇಕು, ದಿನವೂ ನೋಡುವ ಕಣ್ಣು ಬೇಕು.

‘ಬೀದಿನಾಯಿಯ ಕಾಲು ತಾನಾಗೇ ಕೂಡುತ್ತದೆ, ನಾವು ಕೈಹಾಕಿ ಕೆಡಿಸುವುದು ಬೇಡ’ ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ನಿಜವಿದೆ. ಸೊಂಟದ ಮೂಳೆ ಮುರಿದ ಎಷ್ಟೋ ನಾಯಿಗಳು ಶಸ್ತ್ರಚಿಕಿತ್ಸೆಯಿಲ್ಲದೆ ಮತ್ತೆ ನಡೆದಾಡುತ್ತವೆ, ಏಕೆಂದರೆ ಆ ಮೂಳೆಗೆ ಸುತ್ತಲೂ ದಪ್ಪ ಮಾಂಸದ ಆಸರೆಯಿದೆ, ಮತ್ತು ನೋವಿಗೆ ನಾಯಿ ತಾನೇ ಮಲಗಿಬಿಡುತ್ತದೆ. ಈ ಉದಾಹರಣೆ ವಿಶ್ರಾಂತಿಯ ಬೆಲೆಯನ್ನೇ ಹೇಳುತ್ತಿದೆ. ಮಣಿಕಟ್ಟಿನ ಮೇಲಿನ ಮುರಿತಕ್ಕೆ ಆ ಅನುಕೂಲವಿಲ್ಲ; ತೊಡೆಮೂಳೆಗೆ ಮಾಂಸವಿದ್ದರೂ ಅದು ಮುರಿದ ತುದಿಗಳನ್ನು ಎಳೆಯುತ್ತದೆ. ಬಿಟ್ಟರೆ ತುದಿಗಳು ಒಂದರ ಮೇಲೊಂದು ಏರಿ ಕಾಲು ಗಿಡ್ಡವಾಗುತ್ತದೆ, ಇಲ್ಲವೆ ಮುರಿದಲ್ಲಿ ಸುಳ್ಳು ಕೀಲೊಂದು ಹುಟ್ಟಿ ಪಾದ ಜೋತಾಡುತ್ತದೆ. ನಾವು ಬೀದಿಯಲ್ಲಿ ನೋಡುವ ಕುಂಟ ನಾಯಿಗಳು ಬದುಕುಳಿದವು. ಉಳಿಯದವು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಕುಂಟುತ್ತಾ ಉಳಿದದ್ದಕ್ಕೂ ಮುಂದಿನ ಗಾಡಿಯಿಂದ ತಪ್ಪಿಸಿಕೊಳ್ಳುವ ವೇಗವಿರುವುದಿಲ್ಲ.

‘ಹಾಗಾದರೆ ಪುತ್ತೂರು ಕಟ್ಟು ಹಾಕಿಸೋಣ’ ಎಂಬ ಸಲಹೆ ನಮ್ಮ ಕಡೆ ಸಹಜವಾಗಿ ಬರುತ್ತದೆ. ಆಂಧ್ರದ ಪುತ್ತೂರಿನ ಪರಂಪರೆಗೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಫಲಕಗಳಿವೆ, ಅದರಿಂದ ಗುಣವಾದೆವೆಂದು ಹೇಳುವ ಜನ ಪ್ರತಿ ಮನೆಯಲ್ಲೂ ಸಿಗುತ್ತಾರೆ. ಎಲೆಯಲ್ಲಿ ಸುತ್ತಿದ ಮೊಲದ ಮೂಳೆ ಕೂಡಿದ್ದನ್ನು ಕಂಡೇ ಈ ವಿದ್ಯೆ ಹುಟ್ಟಿತೆಂಬ ಕಥೆಯೂ ಇದೆ. ನಾನು ಅದನ್ನು ಹೀಗಳೆಯುವುದಿಲ್ಲ. ಬಿದಿರ ದಬ್ಬೆ ಇಟ್ಟು ಬಿಗಿಯುವ ಆ ಕಟ್ಟಿನ ಹಿಂದಿರುವುದೂ ಅಲುಗಾಡಿಸಬಾರದೆಂಬ ತಿಳಿವಳಿಕೆಯೇ. ಆದರೆ ಮನುಷ್ಯ ಕಟ್ಟಿನೊಳಗೆ ಜುಮ್ಮೆಂದರೆ, ಬೆರಳು ಮರಗಟ್ಟಿದರೆ ಬಾಯಿಬಿಟ್ಟು ಹೇಳುತ್ತಾನೆ. ಎರಡು ಕಿಲೋ ಮರಿ ಹೇಳಲಾರದು. ಅದರ ಚರ್ಮದಡಿ ಒತ್ತಡ ತಡೆಯುವ ಮಾಂಸವಿಲ್ಲ. ಹಿಂಗಾಲಿನ ತೊಡೆಮೂಳೆ ಮುರಿದಾಗ ಹೊರಗಿನ ಯಾವ ಕಟ್ಟೂ ಸೊಂಟದ ಕೀಲನ್ನು ನಿಲ್ಲಿಸಲಾರದು. ಕಾಲನ್ನು ನೆಟ್ಟಗೆ ಚಾಚಿ ಕಟ್ಟಿಬಿಟ್ಟರೆ ಎಳೆಯ ಮರಿಯ ತೊಡೆಯ ಸ್ನಾಯು ಮೂಳೆಗೆ ಅಂಟಿಕೊಂಡು ಮೊಣಕಾಲು ಮುಂದೆಂದೂ ಮಡಚದಂತಾಗುತ್ತದೆ, ಅದನ್ನು ಬಿಡಿಸುವುದು ಮೊದಲ ಮುರಿತಕ್ಕಿಂತ ಕಷ್ಟ. ಎಕ್ಸ್‌ರೇ ನೋಡದೆ ನಾಯಿಗೆ ಕಟ್ಟು ಹಾಕಿಸಬೇಡಿ, ಕಟ್ಟುವವರು ಯಾರೇ ಆಗಿರಲಿ.

ಮೊದಲ ಗಂಟೆಯಲ್ಲಿ ನಾವೇ ಮಾಡುವ ಕೆಡುಕೊಂದಿದೆ, ಅದನ್ನು ಇಲ್ಲಿ ಒತ್ತಿ ಹೇಳಬೇಕು. ನೋವು ನೋಡಲಾಗದೆ ಮನೆಯ ಡಬ್ಬಿಯಿಂದ ಮಾತ್ರೆ ತೆಗೆದು ಕೊಡುತ್ತೇವೆ. ಎರಡು ಕಿಲೋ ಮರಿಗೆ 500 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ಕೊಟ್ಟರೆ ಕಿಲೋಗೆ 250 ಮಿಲಿಗ್ರಾಂ ಕೊಟ್ಟಂತಾಯಿತು; ನಾಯಿಗೆ 100 ದಾಟಿದರೇ ಯಕೃತ್ತಿಗೆ ಅಪಾಯ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಹೆಣ ತಿಂದ ರಣಹದ್ದುಗಳನ್ನು ದೇಶದುದ್ದಕ್ಕೂ ಕೊಂದುಹಾಕಿದ್ದರಿಂದ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. ಇಲ್ಲಿಂದ ಮೈಸೂರು ರಸ್ತೆ ಹಿಡಿದರೆ ಸಿಗುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಧಾಮವೆಂದು ಘೋಷಿಸಬೇಕಾಗಿ ಬಂದದ್ದೂ ಆ ಹಕ್ಕಿಗಳು ಅಷ್ಟು ವಿರಳವಾದದ್ದರಿಂದಲೇ. ನಮ್ಮ ನೋವಿನ ಮಾತ್ರೆ ಬೇರೆ ಜೀವಕ್ಕೆ ವಿಷವಾಗಬಲ್ಲದು ಎಂಬುದಕ್ಕೆ ಇಷ್ಟು ಹತ್ತಿರದ ಸಾಕ್ಷಿ ಸಾಕು. ಮಾತ್ರೆ ಬೇಡ, ಎಣ್ಣೆ ನೀವುವುದು ಬೇಡ, ಕಾಲನ್ನು ಎಳೆದು ನೋಡುವುದು ಬೇಡ. ಬಾಯಿಗೆ ಬಟ್ಟೆಯ ಪಟ್ಟಿ ಸಡಿಲವಾಗಿ ಕಟ್ಟಿ, ಟವೆಲ್ಲಿನಲ್ಲಿ ಎತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಒಯ್ಯಿರಿ. ವಾಂತಿ ಬರುವಂತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಬಾಯಿ ಕಟ್ಟಬೇಡಿ. ಗಾಡಿ ಹರಿದ ಮರಿಯಲ್ಲಿ ಒಸಡು ಬಿಳಿಚಿದೆಯೇ, ಏದುಸಿರಿದೆಯೇ, ಮೂತ್ರ ಮಾಡುತ್ತಿದೆಯೇ ಎಂಬುದನ್ನು ಡಾಕ್ಟರಿಗೆ ಮೊದಲು ಹೇಳಿ. ಎದೆಯೊಳಗಿನ, ಹೊಟ್ಟೆಯೊಳಗಿನ ಪೆಟ್ಟನ್ನು ನೋಡಿಕೊಂಡ ಮೇಲೆ ಕಾಲಿನ ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಕಾಯಬಹುದು.

‘ಪ್ರಾಣಿದಯಾ ಸಂಸ್ಥೆಗೆ ಕೊಟ್ಟರಾಯಿತು’ ಎಂಬ ಮಾತಿಗೆ ಬರೋಣ. ಬೆಂಗಳೂರಿಗೆ ಈ ವಿಷಯದಲ್ಲಿ ಒಳ್ಳೆಯ ಇತಿಹಾಸವಿದೆ. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಇಲ್ಲಿ ಕಟ್ಟಿದ ‘ಕ್ಯೂಪಾ’ ಇಂದಿಗೂ ಕೆಲಸ ಮಾಡುತ್ತಿದೆ, ಆಮೇಲೆ ಇನ್ನೂ ಹಲವು ಸಂಸ್ಥೆಗಳು ಬಂದಿವೆ. ಆದರೆ 2023ರ ಪಾಲಿಕೆಯ ಗಣತಿಯ ಪ್ರಕಾರ ಊರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಇಷ್ಟು ನಾಯಿಗಳ ಊರಿನಲ್ಲಿ ಕಾಲು ಮುರಿದ ಪ್ರತಿ ಮರಿಗೂ ಆರು ವಾರದ ಹಾಸಿಗೆ ಕೊಡುವುದು ಯಾವ ಆಶ್ರಯಧಾಮಕ್ಕೂ ಸಾಧ್ಯವಿಲ್ಲ. ಜಾಗ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಲಸಿಕೆ ಆಗದ ಎಳೆಮರಿಗೆ ನೂರಾರು ಕಾಯಿಲೆನಾಯಿಗಳ ನಡುವೆ ಇರುವುದೇ ಗಂಡಾಂತರ. ಪಾರ್ವೊ, ಡಿಸ್ಟೆಂಪರ್ ಹತ್ತಿದರೆ ಮೂಳೆ ಕೂಡುತ್ತಿರುವಾಗಲೇ ಮರಿ ಸಾಯುತ್ತದೆ. ಇತರ ನಾಯಿಗಳಿಲ್ಲದ ಒಂದು ಮನೆಯ ಮೂಲೆ ಆ ಮರಿಗೆ ಆಶ್ರಯಧಾಮಕ್ಕಿಂತ ಕ್ಷೇಮ. ಸಂಸ್ಥೆಗಳ ಕೌಶಲವನ್ನು ಶಸ್ತ್ರಚಿಕಿತ್ಸೆಗೆ ಕೇಳಿ, ಹೆಬ್ಬಾಳದ ಕಾಲೇಜು ಆಸ್ಪತ್ರೆಯ ಬಾಗಿಲು ತಟ್ಟಿ, ಆದರೆ ಮರಿಯನ್ನು ವಾಪಸ್ಸು ಕರೆತರುತ್ತೇವೆಂದು ಮೊದಲೇ ಹೇಳಿ. ಹಿಂದಕ್ಕೆ ಒಯ್ಯುವವರಿದ್ದಾರೆ ಎಂಬ ಖಾತರಿಯಿದ್ದಾಗ ಒಪ್ಪಿಕೊಳ್ಳುವುದು ಯಾರಿಗಾದರೂ ಸುಲಭ.

ದುಡ್ಡಿನ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು. ಮನುಷ್ಯರಿಗೇ ಆಸ್ಪತ್ರೆ ಖರ್ಚು ಭರಿಸಲಾಗದಿರುವಾಗ ನಾಯಿಮರಿಗೆ ಹತ್ತಾರು ಸಾವಿರ ಸುರಿಯುವುದು ಸರಿಯೇ? ಖಾಸಗಿ ಕ್ಲಿನಿಕ್ಕಿನಲ್ಲಿ ಪ್ಲೇಟು ಹಾಕಿಸಲು ಅಷ್ಟಾಗುತ್ತದೆ ಎಂಬುದು ನಿಜ, ಅದನ್ನು ಕೊಡಲಾಗದ ಮನೆಯನ್ನು ನಾನು ದೂಷಿಸುವುದಿಲ್ಲ. ಆದರೆ ಎಲ್ಲ ಮುರಿತಕ್ಕೂ ಪ್ಲೇಟು ಬೇಡ. ಎಳೆಯ ಮರಿಯ ಒಂದು ಮೂಳೆ ಮಾತ್ರ ಬಿರುಕು ಬಿಟ್ಟು ಜೊತೆಯದು ಗಟ್ಟಿಯಾಗಿದ್ದರೆ ಕಟ್ಟೇ ಸಾಕಾಗಬಹುದು. ನರ ಸತ್ತು ಕಾಲು ಬರಿದೆ ಎಳೆದಾಡುತ್ತಿದ್ದರೆ ಕಾಲು ತೆಗೆಯುವುದೇ ಒಳಿತು. ಮೂರು ಕಾಲಿನ ಪುಟ್ಟ ನಾಯಿ ಮನೆಯಲ್ಲಿ ಸುಖವಾಗಿ ಬಾಳುತ್ತದೆ. ಯಾವುದು ಎಂದು ಡಾಕ್ಟರು ಹೇಳಲಿ. ನಾನು ಕೇಳುತ್ತಿರುವುದು ಹೆಚ್ಚಾಗಿ ದುಡ್ಡಲ್ಲ, ಜಾಗ ಮತ್ತು ಸರದಿ. ಅದಕ್ಕೆ ತಗಲುವುದು ಒಂದು ಕ್ರೇಟಿನ ಬೆಲೆ, ಅದೂ ವರ್ಷಗಟ್ಟಲೆ ಬಾಳುತ್ತದೆ. ಇಷ್ಟನ್ನೂ ಮಾಡದಿದ್ದರೆ ಯಾರೋ ಕೊಟ್ಟ ಹತ್ತಾರು ಸಾವಿರ ಎರಡನೆಯ ವಾರದಲ್ಲಿ ಮೋರಿಗೆ ಹೋಗುತ್ತದೆ. ನಾಯಿಗಿಷ್ಟು ಗೌರವವೇ ಎಂದು ಹುಬ್ಬೇರಿಸುವವರು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ವೀರಗಲ್ಲನ್ನು ನೋಡಬಹುದು. ಹತ್ತನೆಯ ಶತಮಾನದ ಮಣಲೇರನೆಂಬ ವೀರ, ಯುದ್ಧದ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದ ಅರಸನಿಂದ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಕಾದಿ ಅದು ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಮಂಡ್ಯ ಸೀಮೆಯ ಊರೊಂದರಲ್ಲಿ ನಾಯಿಯ ನೆನಪಿಗೆ ಹೊಲವನ್ನೇ ಬಿಡಲಾಗಿತ್ತು. ನಾನು ಮೆಟ್ಟಿಲ ಕೆಳಗಿನ ಮೂರಡಿ ಜಾಗ ಕೇಳುತ್ತಿದ್ದೇನೆ.

ಬೀದಿನಾಯಿಗಳಿಗೆ ಹೆದರುವವರ ಮಾತನ್ನೂ ಕೇಳಬೇಕು. ಮಕ್ಕಳಿಗೆ ಕಚ್ಚಿದ ನೋವು ಕಂಡವರು ಮರಿಗಳನ್ನು ಉಳಿಸಿ ಏನು ಸಾಧಿಸುತ್ತೀರಿ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕ್ರೇಟಿನಲ್ಲಿರುವ ಆರು ವಾರ ಆ ಮರಿ ನಮ್ಮ ಕೈಗೆ ಸಿಕ್ಕಿರುತ್ತದೆ ಎಂಬುದೇ ನನ್ನ ಉತ್ತರ. ಮೂರು ತಿಂಗಳು ತುಂಬುತ್ತಲೇ ರೇಬಿಸ್ ಲಸಿಕೆ ಹಾಕಿಸಬಹುದು, ಮನುಷ್ಯರೊಡನೆ ಪಳಗಿಸಬಹುದು, ಮನೆಯೊಂದಕ್ಕೆ ದತ್ತು ಕೊಡಬಹುದು, ವಯಸ್ಸಿಗೆ ಬಂದಾಗ ಸಂತಾನಹರಣ ಮಾಡಿಸಬಹುದು. 2019ರಲ್ಲಿ 3.10 ಲಕ್ಷವಿದ್ದ ನಾಯಿಗಳ ಸಂಖ್ಯೆ 2023ರ ಗಣತಿಯಲ್ಲಿ ಇಳಿದದ್ದು ಸಂತಾನಹರಣ ನಡೆಸುತ್ತಾ ಬಂದ ಊರಿನಲ್ಲೇ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶ ಲಸಿಕೆ, ಸಂತಾನಹರಣ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಲು ಹೇಳಿತು, ರೇಬಿಸ್ ತಗಲಿದವನ್ನೂ ಮೇಲೆರಗುವವನ್ನೂ ಹೊರತುಪಡಿಸಿ. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ನಾಯಿಗಳನ್ನು ತೆಗೆಯಲು ಹೇಳಿತು. ಗಾಯಗೊಂಡ ಮರಿಯನ್ನು ಮನೆಯಲ್ಲಿಟ್ಟು ಆರೈಕೆ ಮಾಡುವುದಕ್ಕೆ ಎರಡೂ ಅಡ್ಡಿಯಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದು ಕರೆದು, ಅವುಗಳ ಊಟದ ಏರ್ಪಾಡನ್ನು ನಿವಾಸಿಗಳ ಸಂಘಗಳಿಗೇ ಒಪ್ಪಿಸಿವೆ. ಚಿಕಿತ್ಸೆಯನ್ನು ಅವು ಸಂಘಗಳ ಮೇಲೆ ಹೇರಿಲ್ಲ ಎಂಬುದನ್ನು ಒಪ್ಪುತ್ತೇನೆ. ಊಟದ ಹೊಣೆ ಹೊತ್ತವರಿಗೆ ಇದು ದೂರದ ಮಾತಲ್ಲ. ಮರಿ ಹಿಡಿಯುವಾಗ ಹಲ್ಲು ತಾಗಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಲಸಿಕೆ ಶುರುಮಾಡಬೇಕು. ವಿ.ವಿ.ಪುರಂನ ಕಿಮ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಚಿಕಿತ್ಸಾಲಯವಿದೆ, ಇಲ್ಲಿಂದ ದೂರವೇನಲ್ಲ.

ಮೊಟ್ಟೆ, ಮಾಂಸ ಸೇರಿಸದ ಮನೆಗಳು ನಮ್ಮಲ್ಲಿ ಬಹಳ, ಅದಕ್ಕಾಗಿ ಹಿಂಜರಿಯಬೇಕಿಲ್ಲ. ಬರಿಯ ಅನ್ನ, ಬಿಸ್ಕತ್ತಿನಲ್ಲಿ ಮೂಳೆಗೆ ಬೇಕಾದ್ದು ಸಿಗುವುದಿಲ್ಲವೆಂಬುದು ನಿಜ. ಅಂಗಡಿಯಲ್ಲಿ ಸಿಗುವ ಮರಿಗಳ ಆಹಾರದಲ್ಲಿ ಎಲ್ಲವೂ ಅಳತೆಯಲ್ಲಿರುತ್ತದೆ. ಅದರ ಮೇಲೆ ಡಾಕ್ಟರು ಹೇಳದೆ ಕ್ಯಾಲ್ಸಿಯಂ ಟಾನಿಕ್ ಕುಡಿಸಬೇಡಿ. ಅಡುಗೆಯವರೊಬ್ಬರು, ಜಾಗದವರು ಇನ್ನೊಬ್ಬರು ಆದರೂ ಆಗುತ್ತದೆ.

ಸಂಘಗಳಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರತಿ ಸಂಘವೂ ಒಂದು ಮಡಚುವ ಕ್ರೇಟು ಕೊಳ್ಳಲಿ. ಮೆಟ್ಟಿಲ ಕೆಳಗೋ ಕಾರ್ ಶೆಡ್ಡಿನ ಮೂಲೆಯಲ್ಲೋ ಮಳೆ ಬೀಳದ ಜಾಗ ಕೊಡಬಲ್ಲ ಎರಡು ಮೂರು ಮನೆಗಳ ಹೆಸರು ಬರೆದಿಟ್ಟುಕೊಳ್ಳಲಿ. ಬಾಡಿಗೆದಾರರು ಮುಂದೆ ಬಂದರೆ ಆರು ವಾರದ ಮಟ್ಟಿಗೆ ಒಪ್ಪಿಗೆ ಕೊಡುವಂತೆ ಮನೆ ಮಾಲೀಕರಿಗೆ ಸಂಘದವರೇ ಹೇಳಲಿ, ಏಕೆಂದರೆ ಮನಸ್ಸಿದ್ದೂ ಮಾಲೀಕರ ಅಂಜಿಕೆಯಿಂದ ಸುಮ್ಮನಿರುವ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಬೆಳಗಿನ ಸರದಿ, ಸಂಜೆಯ ಸರದಿ, ಎಕ್ಸ್‌ರೇಗೆ ಒಯ್ಯುವವರು, ಮಾತ್ರೆಯ ಲೆಕ್ಕ ಇಡುವವರು ಎಂದು ನಾಲ್ಕು ಮನೆಗಳು ಹಂಚಿಕೊಂಡರೆ ಯಾರಿಗೂ ಭಾರವಾಗದು. ಪುಟ್ಟ ನಾಯಿ ಸಾಕಿದ ಮನೆಯವರು ಇಂದೇ ಸೋಫಾದ ಮುಂದೆ ಚಾಪೆ ಹಾಸಿ, ಅದು ಹಾರುವ ಜಾಗಕ್ಕೆ ಮೆಟ್ಟಿಲಿಡಿ. ಗಾಡಿ ತೆಗೆಯುವವರು ಚಕ್ರದ ಅಡಿ ಒಮ್ಮೆ ಬಗ್ಗಿ ನೋಡಿ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಬೀದಿಗಳಲ್ಲಿ ಹೊಸ ಮರಿಗಳು ಕಾಣಿಸಿಕೊಳ್ಳುತ್ತವೆ. ಅಷ್ಟರೊಳಗೆ ಕ್ರೇಟು ಕೊಂಡು, ಜಾಗ ಗೊತ್ತುಮಾಡಿ, ಸರದಿಯವರ ಹೆಸರನ್ನು ಸಂಘದ ಫಲಕದ ಮೇಲೆ ಬರೆದು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಶ್ರೀನಗರದ ಒಬ್ಬ ನಿವಾಸಿ